ಮೊಲದ ಮರಿಗಳ ನಾಲ್ಕನೇ ತಿಂಗಳು

ಎಂಟು ವಾರದ ಎರಡು ಮೊಲದ ಮರಿಗಳನ್ನು ತಂದು ಒಟ್ಟಿಗೆ ಬಿಟ್ಟರೆ ಸಾಮಾನ್ಯವಾಗಿ ಬೇಗನೆ ಹೊಂದಿಕೊಂಡು, ಮೈಗೆ ಮೈ ತಾಗಿಸಿ ಮಲಗುತ್ತವೆ. ಜೋಡಿ ಕೂಡಿತು ಎಂದು ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ಇದು ಮರಿತನದ ಒಡನಾಟ. ಮೂರೂವರೆ, ನಾಲ್ಕು ತಿಂಗಳಾಗುತ್ತಿದ್ದಂತೆ ಹಾರ್ಮೋನುಗಳು ಏರುತ್ತವೆ. ಅಲ್ಲಿಯವರೆಗೆ ಒಂದೇ ತಟ್ಟೆಯಲ್ಲಿ ಸೊಪ್ಪು ತಿಂದವು ರೋಮ ಕಿತ್ತುಬರುವಂತೆ ಕಾದಾಡಬಹುದು. ಒಡಹುಟ್ಟಿದ ಮರಿಗಳೂ ಇದಕ್ಕೆ ಹೊರತಲ್ಲ.

ಕಾರಣ ಅವುಗಳ ಮೂಲದಲ್ಲಿದೆ. ನಮ್ಮ ಹೊಲಗಳಲ್ಲಿ ಓಡುವ ಕಾಡುಮೊಲ ಬಿಲ ತೋಡದೆ ಬಹುಮಟ್ಟಿಗೆ ಒಂಟಿಯಾಗಿ ಬದುಕುವ ಬೇರೆಯೇ ಪ್ರಾಣಿ. ಅದನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ಸಾಕುಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯವರು. ನೆಲದಡಿ ಬಿಲಗಳ ಜಾಲ ತೋಡಿ ಗುಂಪಾಗಿ ಇರುವವರು. ಅವುಗಳಿಗೆ ಜೊತೆ ಬೇಕೇ ಬೇಕು. ಒಂಟಿ ಮೊಲವನ್ನು ಪಂಜರದಲ್ಲಿ ಕೂಡಿಹಾಕುವುದು ಕ್ರೌರ್ಯ ಎಂದೇ ನಾನು ಹೇಳುತ್ತೇನೆ. ಆದರೆ ಆ ಗುಂಪಿನೊಳಗೆ ಯಾರು ಮೇಲು, ಯಾರು ಕೆಳಗು ಎಂಬುದು ಕಟ್ಟುನಿಟ್ಟು. ಹೊರಗಿನ ಮೊಲ ಬಂದರೆ ಅಟ್ಟಿಸಿ ಓಡಿಸುತ್ತವೆ.

ತನ್ನವರು ಯಾರು ಎಂಬುದನ್ನು ಮೊಲ ಮುಖ್ಯವಾಗಿ ಮೂಗಿನಿಂದ ತಿಳಿಯುತ್ತದೆ. 1950–60ರ ದಶಕಗಳಲ್ಲಿ ಆಸ್ಟ್ರೇಲಿಯಾದಲ್ಲಿ ಮೊಲಗಳನ್ನು ದೀರ್ಘಕಾಲ ಗಮನಿಸಿದ ವಿಜ್ಞಾನಿ ಮಿಕಿಟೋವಿಚ್, ಗಲ್ಲದಡಿಯ ಗ್ರಂಥಿಗಳ ವಾಸನೆಯನ್ನು ಅವು ನೆಲಕ್ಕೆ, ಗಿಡಗಂಟಿಗೆ ಒರೆಸಿ ತಮ್ಮ ಜಾಗ ಗುರುತು ಮಾಡುವುದನ್ನು ವಿವರಿಸಿದರು. ಗುಂಪಿನ ಯಜಮಾನ ಗಂಡಿನಲ್ಲಿ ಆ ಗ್ರಂಥಿ ದೊಡ್ಡದು, ಒರೆಸುವುದೂ ಹೆಚ್ಚು. ನಿಮ್ಮ ಮೊಲ ಕುರ್ಚಿಯ ಕಾಲಿಗೆ ಗಲ್ಲ ತೀಡುವುದೂ ಇದಕ್ಕೇ. ಮೂತ್ರ, ಹಿಕ್ಕೆಗಳೂ ಇಂಥ ಗುರುತುಗಳೇ.

ಹಾಗಾಗಿ ಮೊದಲ ಕೆಲಸ, ಯಾವುದು ಗಂಡು, ಯಾವುದು ಹೆಣ್ಣು ಎಂದು ಪಶುವೈದ್ಯರಿಂದ ಖಚಿತ ಮಾಡಿಕೊಳ್ಳುವುದು. ಎಳೆಯ ಮರಿಗಳಲ್ಲಿ ಇದು ಅನುಭವಿಗಳಿಗೂ ತಪ್ಪುತ್ತದೆ, ಅಂಗಡಿಯವರ ಮಾತನ್ನು ನೆಚ್ಚುವಂತಿಲ್ಲ. ಮೊಲಕ್ಕೆ ಹಸುವಿನಂತೆ ಗೊತ್ತಾದ ಬೆದೆಯ ದಿನಗಳಿಲ್ಲ. ಗಂಡು ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುತ್ತದೆ. ಗಬ್ಬದ ಅವಧಿ ಸುಮಾರು 31 ದಿನ. ಈದ ದಿನವೇ ಮತ್ತೆ ಗಬ್ಬವಾಗಬಲ್ಲದು. ಗಂಡು ಮರಿಯ ಬೀಜ ಕೆಳಗಿಳಿಯುವ ಮೂರನೇ ತಿಂಗಳಿಂದ ಎರಡನ್ನೂ ಬೇರೆ ಇಟ್ಟು, ಮೊಲಗಳ ಚಿಕಿತ್ಸೆ ಬಲ್ಲ ವೈದ್ಯರಿಂದ ಸಂತಾನಹರಣ ಮಾಡಿಸಬೇಕು. ಹೆಣ್ಣಿಗೆ ಸಾಮಾನ್ಯವಾಗಿ ಐದಾರು ತಿಂಗಳಾದ ಮೇಲೆ ಮಾಡುತ್ತಾರೆ; ವಯಸ್ಸಾದ ಹೆಣ್ಣುಗಳನ್ನು ಕಾಡುವ ಗರ್ಭಕೋಶದ ಕ್ಯಾನ್ಸರ್ ಕೂಡ ಇದರಿಂದ ತಪ್ಪುತ್ತದೆ. ಗಂಡು ಶಸ್ತ್ರಚಿಕಿತ್ಸೆಯ ನಂತರವೂ ನಾಲ್ಕರಿಂದ ಆರು ವಾರ ಮರಿ ಹುಟ್ಟಿಸಬಲ್ಲದು, ಅಲ್ಲಿಯವರೆಗೆ ಹೆಣ್ಣಿನ ಹತ್ತಿರ ಬಿಡಬಾರದು. ಇನ್ನೊಂದು ಮಾತು: ಮೊಲ ವಾಂತಿ ಮಾಡಲಾರದು, ಹೊಟ್ಟೆ ಖಾಲಿಯಾದರೆ ಕರುಳು ನಿಂತುಬಿಡುವ ಅಪಾಯವಿದೆ. ಆದ್ದರಿಂದ ಆಪರೇಷನ್‌ಗೆ ಮುಂಚೆ ಅದನ್ನು ಉಪವಾಸ ಇಡುವುದಿಲ್ಲ.

ನಿಜವಾದ ಜೋಡಿ ಕಟ್ಟುವ ಕೆಲಸ ಶುರುವಾಗುವುದು ಹಾರ್ಮೋನು ಇಳಿದ ಮೇಲೆ. ಕಚ್ಚಲಾಗದಷ್ಟು ಅಂತರ ಬಿಟ್ಟು ಎರಡು ಗೂಡುಗಳನ್ನು ಅಕ್ಕಪಕ್ಕ ಇಡಿ. ಹಾಸಿದ ಬಟ್ಟೆ, ಹಿಕ್ಕೆ ತಟ್ಟೆಗಳನ್ನು ದಿನವೂ ಅದಲುಬದಲು ಮಾಡಿ. ಇನ್ನೊಂದರ ವಾಸನೆ ಮನೆಯ ವಾಸನೆಯೊಳಗೆ ಬೆರೆತ ಮೇಲೆ, ಎರಡೂ ಹಿಂದೆಂದೂ ಗುರುತು ಹಾಕದ ಜಾಗದಲ್ಲಿ, ಖಾಲಿ ಕೋಣೆಯಲ್ಲೋ ತಾರಸಿಯ ನೆರಳಿನಲ್ಲೋ, ಹತ್ತು ಹದಿನೈದು ನಿಮಿಷ ಒಟ್ಟಿಗೆ ಬಿಡಿ. ಒಂದು ಇನ್ನೊಂದರ ಮೇಲೆ ಹತ್ತುವುದು, ಸ್ವಲ್ಪ ಅಟ್ಟಾಡಿಸುವುದು ಮೇಲು–ಕೆಳಗಿನ ತೀರ್ಮಾನ, ಕಾದು ನೋಡಬಹುದು. ಕಿವಿ ಹಿಂದಕ್ಕೆ ಒತ್ತಿ, ಬಾಲ ಎತ್ತಿ, ಒಂದರ ಸುತ್ತ ಒಂದು ವೇಗವಾಗಿ ಸುತ್ತತೊಡಗಿದರೆ ಕೂಡಲೇ ಮಧ್ಯೆ ದಪ್ಪ ಟವೆಲ್ ಹಾಕಿ ಬಿಡಿಸಿ. ಬರಿಗೈ ಹಾಕಿದರೆ ಆಳವಾಗಿ ಕಚ್ಚುತ್ತವೆ. ಒಂದು ತಲೆ ತಗ್ಗಿಸಿ ಇನ್ನೊಂದರ ಮುಂದೆ ಇಟ್ಟು, ಅದು ಹಣೆ ನೆಕ್ಕಿದರೆ ಜೋಡಿ ಕೂಡುತ್ತಿದೆ ಎಂದು ತಿಳಿಯಬಹುದು. ಇದು ಕೆಲವಕ್ಕೆ ವಾರದಲ್ಲಿ ಆಗುತ್ತದೆ, ಕೆಲವಕ್ಕೆ ತಿಂಗಳುಗಳೇ ಬೇಕು. ಅವಸರ ಪಡುವಂತಿಲ್ಲ.

ಆಹಾರದ ಬಹುಪಾಲು ಹುಲ್ಲೇ ಆಗಿರಲಿ: ಒಣಹುಲ್ಲು, ತೊಳೆದ ಗರಿಕೆ, ಜೊತೆಗೆ ಒಂದಿಷ್ಟು ಕೊತ್ತಂಬರಿ, ಪುದೀನ. ಕುದುರೆ ಮೆಂತ್ಯ ಬೆಳೆಯುವ ಮರಿಗೆ ಒಳ್ಳೆಯದು, ಬೆಳೆದ ಮೊಲಕ್ಕೆ ಅದರ ಸುಣ್ಣದ ಅಂಶ ಅತಿಯಾಗುತ್ತದೆ. ಕ್ಯಾರೆಟ್‌ನಲ್ಲಿ ಸಕ್ಕರೆ ಜಾಸ್ತಿ, ಅಪರೂಪಕ್ಕೆ ಒಂದು ಚೂರು ಸಾಕು. ಮೈಮೇಲೆ ಬೆವರದ ಈ ಪ್ರಾಣಿ ಕಿವಿಗಳ ಮೂಲಕ ಬಿಸಿ ಕಳೆಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದಷ್ಟೇ ಸಾಲದು, ತಂಪಾದ ಕೋಣೆಯೇ ಬೇಕು.

ಕೂಡಿದ ಜೋಡಿಯಲ್ಲಿ ಒಂದಕ್ಕೆ ಕಾಯಿಲೆಯಾದರೆ ಎರಡನ್ನೂ ಒಂದೇ ಬುಟ್ಟಿಯಲ್ಲಿ ಆಸ್ಪತ್ರೆಗೆ ಒಯ್ಯಿರಿ. ಒಂದೇ ಹೋಗಿ ಔಷಧದ ವಾಸನೆ ಹೊತ್ತು ಮರಳಿದರೆ, ಮನೆಯಲ್ಲಿ ಉಳಿದದ್ದು ಅದನ್ನು ಅಪರಿಚಿತ ಮೊಲವೆಂದೇ ಭಾವಿಸಿ ಮೇಲೆರಗಬಹುದು. ಆಗ ಗೂಡುಗಳನ್ನು ಮತ್ತೆ ಅಕ್ಕಪಕ್ಕ ಇಟ್ಟು, ಬಟ್ಟೆ ಬದಲಿಸುವುದರಿಂದಲೇ ಆರಂಭಿಸಬೇಕಾಗುತ್ತದೆ.