ಹೊಸ ‘ಏಲಿಯನ್’ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ಅಳೆಯುವುದು ಸರಿಯೇ?

ಪ್ರಶ್ನೆ: 2024ರ ‘ಏಲಿಯನ್: ರೊಮ್ಯುಲಸ್’ ನನಗೆ ಹಿಡಿಸಿತು. ಆದರೆ 1979ರ ಮೊದಲ ಚಿತ್ರದ ಮುಂದೆ ಅದು ಏನೂ ಅಲ್ಲ ಎಂದು ಗೆಳೆಯರು ಹೇಳುತ್ತಾರೆ. ಇಂಥ ಹೋಲಿಕೆ ನ್ಯಾಯವೇ?

ಉತ್ತರ: ಹೋಲಿಸಬಹುದು, ಆದರೆ ಯಾವುದು ಹೆಚ್ಚು ಹೆದರಿಸಿತು ಎಂದು ಕೇಳಿ ಪ್ರಯೋಜನವಿಲ್ಲ. ರಿಡ್ಲಿ ಸ್ಕಾಟ್ ಅವರ ಚಿತ್ರದಲ್ಲಿ ಊಟದ ಮೇಜಿನ ಮೇಲೆ ನೌಕೆಯ ಸಿಬ್ಬಂದಿ ಕೇನ್‌ನ ಎದೆ ಸೀಳಿಕೊಂಡು ಅನ್ಯಗ್ರಹ ಜೀವಿಯ ಮರಿ ಹೊರಬರುವಾಗ, ಅದು ಬೆಳೆದು ಏನಾಗುತ್ತದೆ ಎಂಬುದು ಅಂದಿನ ಪ್ರೇಕ್ಷಕರಿಗೆ ತಿಳಿದಿರಲಿಲ್ಲ. ಆ ತಿಳಿಯದಿರುವಿಕೆಯನ್ನು ಯಾವ ನಿರ್ದೇಶಕರೂ ಮರಳಿ ತರಲಾರರು. 1986ರ ಎರಡನೇ ಚಿತ್ರ ‘ಏಲಿಯನ್ಸ್’ನಲ್ಲಿ ಜೇಮ್ಸ್ ಕ್ಯಾಮರಾನ್ ಆ ಗೋಜಿಗೇ ಹೋಗದೆ ಯುದ್ಧದ ಕಥೆ ಹೇಳಿದರು. ಅದು ಇಂದಿಗೂ ಗಟ್ಟಿಯಾಗಿ ನಿಂತಿರುವುದಕ್ಕೆ ಅದೇ ಕಾರಣವೆಂದು ನನಗನ್ನಿಸುತ್ತದೆ.

ಹಾಗಾಗಿ ಕೇಳಬೇಕಾದದ್ದು, ಹಿಂದಿನವರು ಬಿಟ್ಟುಹೋದ ಆಸ್ತಿಯನ್ನು ಹೊಸಬರು ದುಡಿಸಿಕೊಂಡರೇ ಅಥವಾ ಬರೀ ಪ್ರದರ್ಶನಕ್ಕಿಟ್ಟರೇ ಎಂಬುದನ್ನು. ಈ ಜೀವಿಯ ರಕ್ತ ಲೋಹವನ್ನೂ ಕರಗಿಸುವ ಆಮ್ಲವೆಂಬ ನಿಯಮ ಮೊದಲ ಚಿತ್ರದಿಂದಲೇ ಇದೆ. ಗುಂಡು ಹಾರಿಸಿದರೆ ಬಾಹ್ಯಾಕಾಶ ನಿಲ್ದಾಣವೇ ತೂತಾಗುವ ಸ್ಥಿತಿಯಲ್ಲಿ ‘ರೊಮ್ಯುಲಸ್’ನ ನಾಯಕಿ ರೇನ್ ಗುರುತ್ವಾಕರ್ಷಣೆಯನ್ನೇ ನಿಲ್ಲಿಸಿ ಗುಂಡು ಹಾರಿಸುತ್ತಾಳೆ, ಬಳಿಕ ಗಾಳಿಯಲ್ಲಿ ತೇಲುವ ಆಮ್ಲದ ಸುರುಳಿಗಳ ನಡುವೆ ಮೈ ತಾಗದಂತೆ ನುಸುಳಬೇಕಾಗುತ್ತದೆ. ಹಳೆಯ ನಿಯಮದಿಂದ ಯಾರೂ ನೋಡಿರದ ದೃಶ್ಯವೊಂದು ಹೀಗೆ ಹುಟ್ಟುತ್ತದೆ. ಕರಾರಿನ ಗಂಟೆಗಳನ್ನು ದುಡಿದು ಮುಗಿಸಿದ ರೇನ್‌ಗೆ ಕಂಪನಿ ಇನ್ನೂ ಹಲವು ವರ್ಷಗಳ ದುಡಿಮೆ ಹೇರುವ ಆರಂಭವೂ ಅಂಥದ್ದೇ: ಮೊದಲ ಚಿತ್ರದಲ್ಲಿ ಬೋನಸ್‌ಗಾಗಿ ಗೊಣಗುತ್ತಿದ್ದ ನೊಸ್ಟ್ರೊಮೊ ನೌಕೆಯ ಸಿಬ್ಬಂದಿಯ ಪಾಡು ಇಲ್ಲಿ ಮುಂದಿನ ಪೀಳಿಗೆಗೆ ದಾಟಿದೆ.

ಆದರೆ ನಿರ್ದೇಶಕ ಫೆಡೆ ಆಲ್ವಾರೆಜ್ ಅವರಿಗೆ ತಮ್ಮ ಕೈಚಳಕದ ಮೇಲೆ ಎಲ್ಲ ಕಡೆಯೂ ನಂಬಿಕೆ ಇದ್ದಂತಿಲ್ಲ. ‘ಏಲಿಯನ್ಸ್’ನಲ್ಲಿ ಮಗುವನ್ನು ಕಾಯಲು ನಿಂತ ನಾಯಕಿ ರಿಪ್ಲಿ ರಾಣಿಜೀವಿಯತ್ತ ಎಸೆದ ಬೈಗುಳವನ್ನು ಇಲ್ಲಿ ಯಂತ್ರಮಾನವ ಆ್ಯಂಡಿ ಉಚ್ಚರಿಸುತ್ತಾನೆ. ಅವನ ಬಾಯಿಗೆ ಆ ಮಾತು ಏಕೆ ಬಂತು ಎಂಬುದಕ್ಕೆ ಈ ಕಥೆಯೊಳಗೆ ಉತ್ತರವಿಲ್ಲ. ಅಭಿಮಾನಿಗಳ ಶಿಳ್ಳೆಗಾಗಿ ಅದನ್ನು ತುರುಕಲಾಗಿದೆ. ಮೊದಲ ಚಿತ್ರದಲ್ಲಿ ಯಂತ್ರಮಾನವನಾಗಿ ನಟಿಸಿದ್ದ, 2020ರಲ್ಲಿ ತೀರಿಕೊಂಡ ಇಯಾನ್ ಹೋಮ್ ಅವರ ಮುಖವನ್ನು ಮತ್ತೊಂದು ಯಂತ್ರಮಾನವನಿಗೆ ಅಂಟಿಸಿದ್ದನ್ನು ಕುಟುಂಬದ ಒಪ್ಪಿಗೆಯಿದ್ದರೂ ನಾನು ಮೆಚ್ಚಲಾರೆ, ಏಕೆಂದರೆ ಆ ಪಾತ್ರವನ್ನು ಯಾವ ನಟರಾದರೂ ನಿಭಾಯಿಸಬಹುದಿತ್ತು.

ಹಿಂದಿನ ಯಾವ ಚಿತ್ರವನ್ನೂ ನೋಡಿರದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ನೋಡಿ. ತೇಲುವ ಆಮ್ಲ ಬಂದಾಗ ಅವರೂ ಉಸಿರು ಬಿಗಿಹಿಡಿಯುತ್ತಾರೆ. ಆ್ಯಂಡಿ ಬೈದಾಗ ನಗುವವರು ನಿಮ್ಮ ಗೆಳೆಯರು ಮಾತ್ರ.