ಸಭೆ ಬೇಡ ಅಂದರೂ ಖರ್ಚಾಗುತ್ತಿದ್ದ ಹಣ

ಸರ್ಕಾರಿ ಲೆಕ್ಕ ಆಡಿಟ್ ಮಾಡುವವರು ಮೊದಲು ಕೇಳುವುದು ಒಂದೇ: ಈ ಖರ್ಚಿಗೆ ಅಧಿಕಾರ ಕೊಟ್ಟವರು ಯಾರು? ಬಿಲ್ಲು, ರಸೀದಿ ಎಲ್ಲ ಆಮೇಲೆ. ತರಬೇತಿಗೆ ಬರುವ ಹುಡುಗರ ಮುಂದೆ ನಾನು ಬ್ರಿಟಿಷ್ ಇಂಡಿಯಾದ ಬಜೆಟ್ ಇಟ್ಟು ಇದನ್ನೇ ಕೇಳುತ್ತೇನೆ. "ಶಾಸನಸಭೆ ಇತ್ತಲ್ಲ ಸಾರ್, ಅದೇ" ಅನ್ನುತ್ತಾರೆ. ಸಭೆ ಇತ್ತು, ನಿಜ. ಕೊನೆಯ ಮಾತು ಅದರದ್ದಾಗಿರಲಿಲ್ಲ.

1858ರ ಕಾಯ್ದೆಯ ಪ್ರಕಾರ ಭಾರತದ ಆದಾಯ ಹೇಗೆ ಖರ್ಚಾಗಬೇಕು ಎನ್ನುವ ಹತೋಟಿ ಲಂಡನ್ನಿನ ಸೆಕ್ರೆಟರಿ ಆಫ್ ಸ್ಟೇಟ್ (ಭಾರತದ ವ್ಯವಹಾರ ನೋಡುವ ಬ್ರಿಟಿಷ್ ಮಂತ್ರಿ) ಮತ್ತು ಅವರ ಕೌನ್ಸಿಲ್ ಕೈಯಲ್ಲಿತ್ತು. ಅದರ 55ನೇ ಸೆಕ್ಷನ್ ಮಾತ್ರ ಸ್ವಲ್ಪ ಬಿಗಿ. ದಾಳಿ ತಡೆಯುವ ಅಥವಾ ಹಠಾತ್ ತುರ್ತಿನ ಸಂದರ್ಭ ಬಿಟ್ಟು, ಗಡಿಯಾಚೆಯ ಯುದ್ಧಕ್ಕೆ ಇಲ್ಲಿನ ದುಡ್ಡು ಬಳಸಬೇಕಾದರೆ ಬ್ರಿಟಿಷ್ ಪಾರ್ಲಿಮೆಂಟಿನ ಎರಡೂ ಸದನ ಒಪ್ಪಬೇಕಿತ್ತು. ಓದಿದರೆ ಒಳ್ಳೆಯ ಕಾವಲು ಅನ್ನಿಸುತ್ತದೆ, ಅಲ್ವಾ? 1867ರಲ್ಲಿ ಅಬಿಸೀನಿಯಾಕ್ಕೆ (ಈಗಿನ ಇಥಿಯೋಪಿಯಾ) ದಂಡು ಹೊರಟಿತು. ಭಾರತದಿಂದ ಹೋದ ಸೈನಿಕರ ಮಾಮೂಲಿ ಸಂಬಳವನ್ನು ಭಾರತದ ಲೆಕ್ಕಕ್ಕೇ ಹಾಕಲು ಆ ಪಾರ್ಲಿಮೆಂಟ್ ಒಪ್ಪಿತು. ಕಾನೂನು ಪಾಲನೆಯಾಯಿತು, ತೆರಿಗೆ ಕಟ್ಟಿದವರನ್ನು ಯಾರೂ ಕೇಳಲಿಲ್ಲ.

1919ರ ಸುಧಾರಣೆ ಬಂದ ಮೇಲೆ ಬೇಡಿಕೆಗಳು, ಅಂದರೆ ಖರ್ಚಿಗೆಂದು ಸರ್ಕಾರ ಕೇಳುವ ಮೊತ್ತಗಳು, ಸಭೆಯ ಮತಕ್ಕೆ ಬಂದವು. ಎಲ್ಲವೂ ಅಲ್ಲ. ಸಾಲದ ಬಡ್ಡಿ, ಲಂಡನ್ನಿನಿಂದ ನೇಮಕವಾದ ಅಧಿಕಾರಿಗಳ ಸಂಬಳ ಮತ್ತು ಪಿಂಚಣಿ, ಸೇನೆ, ಚರ್ಚ್ ಇಲಾಖೆ ಇವಕ್ಕೆಲ್ಲ ಮತ ಇಲ್ಲ. ಗವರ್ನರ್ ಜನರಲ್ ಬಿಟ್ಟುಕೊಡದಿದ್ದರೆ ಬಜೆಟ್ ವೇಳೆ ಇವುಗಳ ಚರ್ಚೆಯೂ ಇಲ್ಲ. ಉಳಿದ ಬೇಡಿಕೆಯನ್ನು ಸಭೆ ತಿರಸ್ಕರಿಸಿದರೂ, ತಮ್ಮ ಹೊಣೆ ನಿಭಾಯಿಸಲು ಅದು ಬೇಕೇ ಬೇಕು ಎಂದು ಗವರ್ನರ್ ಜನರಲ್ ಮತ್ತು ಅವರ ಕೌನ್ಸಿಲ್ ಘೋಷಿಸಿದರೆ ಸಾಕು. ಸಭೆ ಒಪ್ಪಿದಂತೆಯೇ ಲೆಕ್ಕ!

1924ರಲ್ಲಿ ಮೋತಿಲಾಲ್ ನೆಹರೂ ಅವರ ಸ್ವರಾಜ್ಯ ಪಕ್ಷ ಇತರರನ್ನು ಸೇರಿಸಿಕೊಂಡು ಇದನ್ನು ಪರೀಕ್ಷೆ ಮಾಡಿಯೇ ನೋಡಿತು. ಬೇಡಿಕೆಗಳು ಬಿದ್ದವು, ಹಣಕಾಸು ಮಸೂದೆಯೂ ಬಿತ್ತು. ಆಗಿನ ಗವರ್ನರ್ ಜನರಲ್, ವೈಸರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರ ಬಳಸಿದರು, ಆಡಳಿತ ನಡೆದೇ ನಡೆಯಿತು.

ಪ್ರಾಂತ್ಯಗಳಲ್ಲಿ ಇನ್ನೊಂದು ತಿರುವು. ಧಾರವಾಡ, ಬೆಳಗಾವಿ ಬಾಂಬೆ ಪ್ರಾಂತ್ಯದಲ್ಲಿದ್ದವು, ಮಂಗಳೂರು, ಬಳ್ಳಾರಿ ಮದ್ರಾಸಿನಲ್ಲಿ. (ಮೈಸೂರು ಸಂಸ್ಥಾನ, ಅದರ ಕಥೆ ಬೇರೆ.) ಪೊಲೀಸ್, ಕಂದಾಯದಂಥ, ಮಂತ್ರಿಗಳಿಗೆ ಕೊಡದೆ ಗವರ್ನರ್ ಕೈಯಲ್ಲೇ ಕಾಯ್ದಿಟ್ಟ ವಿಷಯಗಳಲ್ಲಿ ಕಡಿತವಾದ ಹಣವನ್ನು ಗವರ್ನರ್ ಮತ್ತೆ ಸೇರಿಸಬಹುದಿತ್ತು. ಮಂತ್ರಿಗಳಿಗೆ ಬಿಟ್ಟಿದ್ದ ಶಿಕ್ಷಣದಂಥ ಇಲಾಖೆಗೆ ಅಷ್ಟು ಧಾರಾಳ ಇರಲಿಲ್ಲ. ತುರ್ತು ಸಂದರ್ಭ ಇರಬೇಕಿತ್ತು. ಯಾವ ಖರ್ಚು ಯಾರಿಗೆ ಮುಖ್ಯವಾಗಿತ್ತು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ದಾಖಲೆ ನನಗೆ ಕಂಡಿಲ್ಲ.

1935ರ ಕಾಯ್ದೆ ಭಾಷೆಯನ್ನು ಅಚ್ಚುಕಟ್ಟು ಮಾಡಿತು. ಅದರ ಪ್ರಾಂತ್ಯದ ಭಾಗ 1937ರ ಏಪ್ರಿಲ್ 1ರಂದು ಜಾರಿಗೆ ಬಂತು. ಸಭೆ ಮತ ಹಾಕಿದ ಮೇಲೆ ಗವರ್ನರ್ ಒಂದು ಪಟ್ಟಿಗೆ ಸಹಿ ಹಾಕುತ್ತಿದ್ದರು. ಸಭೆ ಕೈಬಿಟ್ಟ ಮೊತ್ತ, ಕಾಯ್ದೆ ತಮಗೆ ವಹಿಸಿದ್ದ ವಿಶೇಷ ಹೊಣೆಗೆ ಬೇಕು ಅನ್ನಿಸಿದರೆ ಅದನ್ನೂ ಅದರಲ್ಲಿ ಸೇರಿಸಬಹುದಿತ್ತು. ಪಟ್ಟಿಯನ್ನು ಸಭೆಯ ಮುಂದಿಡುತ್ತಿದ್ದರು, ಆದರೆ ಚರ್ಚೆಗೂ ಮತಕ್ಕೂ ಅವಕಾಶ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಖರ್ಚು ಅಧಿಕೃತವೇ ಅಲ್ಲ. ಅಂದರೆ ಆಗಿನ ಆಡಿಟರ್‌ಗೆ ಕಾನೂನು ಆಧಾರ ಸಭೆಯ ಮತ ಅಲ್ಲ, ಆ ಸಹಿ.

1950ರ ಸಂವಿಧಾನ ತೆಗೆದುಹಾಕಿದ್ದು ಆ ಸಹಿಯ ಪಟ್ಟಿಯನ್ನೇ. ಕೇಂದ್ರಕ್ಕೆ 114ನೇ ವಿಧಿ, ರಾಜ್ಯಕ್ಕೆ 204ನೇ ವಿಧಿ. ಅನುದಾನಕ್ಕೆ ಮತ ಬಿದ್ದ ಮೇಲೂ, ಬೊಕ್ಕಸದಿಂದ ಹಣ ತೆಗೆಯಲು ಅಧಿಕಾರ ಕೊಡುವ ಧನವಿನಿಯೋಗ ಮಸೂದೆ ಅಂಗೀಕಾರವಾಗಬೇಕು. ಜಡ್ಜ್‌ಗಳ ಸಂಬಳ, ಸಾಲದ ಬಡ್ಡಿಯಂಥ ಖರ್ಚಿಗೆ ಈಗಲೂ ಮತ ಇಲ್ಲ. ಅದು ಹಳೆ ಕಾಯ್ದೆಯಿಂದಲೇ ಬಂದದ್ದು. ಆದರೆ ಚರ್ಚಿಸಬಾರದು ಎಂದು ಈಗ ಯಾರೂ ಹೇಳುವಂತಿಲ್ಲ, ಆ ಮೊತ್ತವೂ ಅದೇ ಮಸೂದೆಯೊಳಗೆ ಬರಬೇಕು.