‘ನೋಡೋಣ’ ಅನ್ನುವ ಉತ್ತರ ಸಾಲದು: ಕೆಲಸದ ಜಾಗದಲ್ಲಿ ಅಂಗವಿಕಲ ನೌಕರರ ಹಕ್ಕು

“ಸಾರ್, ಮೆಟ್ಟಿಲು ಹತ್ತೋಕಾಗ್ತಿಲ್ಲ, ಕೆಳಗಿನ ಶಾಖೆಗೆ ಹಾಕಿ.” “ನೋಡೋಣ.” ಈ ಮಾತು ನಾಲ್ಕಾರು ಸಲ ನಡೆದಿರುತ್ತದೆ. ಎರಡು ವರ್ಷದ ಮೇಲೆ ವಿಷಯ ಅಂಗವಿಕಲರ ಹಕ್ಕುಗಳ ಆಯುಕ್ತರ ಮುಂದೆ ಹೋದಾಗ “ಅವರು ಇಂಥದ್ದೇನೂ ಕೇಳಿಯೇ ಇಲ್ಲ” ಎಂದು ಕಚೇರಿ ಉತ್ತರ ಬರೆಯುತ್ತದೆ. ಬಾಯಲ್ಲಿ ಕೇಳಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅರ್ಧ ಕೇಸು ಅಲ್ಲೇ ಬಿದ್ದುಹೋಗುತ್ತದೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ನೌಕರರ ಪಾಲಿಗೆ ಅದರಲ್ಲಿರುವ ದೊಡ್ಡ ಅಸ್ತ್ರ ‘ಸಮಂಜಸ ಹೊಂದಾಣಿಕೆ’. ಅಂದರೆ ಸಂಸ್ಥೆಯ ಮೇಲೆ ವಿಪರೀತ ಹೊರೆ ಬೀಳದ ಹಾಗೆ, ಆ ವ್ಯಕ್ತಿ ಬೇರೆಯವರಂತೆಯೇ ಕೆಲಸ ಮಾಡಲು ಬೇಕಾದ ಮಾರ್ಪಾಡು. ಕಲಂ 2(ವೈ) ಇದನ್ನು ವಿವರಿಸುತ್ತದೆ. ಕಲಂ 2(ಎಚ್) ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ ಎನ್ನುತ್ತದೆ. ಬೈದರೆ, ಅವಮಾನಿಸಿದರೆ ಮಾತ್ರ ತಾರತಮ್ಯ ಎಂದುಕೊಂಡವರು ಈ ಕಲಮನ್ನು ಓದಲೇಬೇಕು.

ಹೆಚ್ಚಿನವರ ಅರ್ಜಿ ಎಡವುವುದು ಕಾಯಿಲೆಯ ವಿವರಣೆಯಲ್ಲಿ. “ನನಗೆ ಕಾಲಿನ ತೊಂದರೆ ಇದೆ, ದಯಮಾಡಿ ಸಹಕರಿಸಿ” ಎಂದು ಬರೆದರೆ ಅಧಿಕಾರಿ ಏನು ಮಾಡಬೇಕೆಂಬುದೇ ಅದರಲ್ಲಿಲ್ಲ. ಹೀಗೆ ಬರೆಯಿರಿ:

“ದಿನಕ್ಕೆ ಮೂರ್ನಾಲ್ಕು ಸಲ ನಾನು ಎರಡನೇ ಮಹಡಿಯ ದಾಖಲೆ ಕೊಠಡಿಗೆ ಹೋಗಬೇಕಾಗಿದೆ. ಲಿಫ್ಟ್ ಇಲ್ಲ. ಬಲಗಾಲು ಕೃತಕವಾದ್ದರಿಂದ ಫೈಲು ಹಿಡಿದು ಇಳಿಯುವಾಗ ಬೀಳುವ ಅಪಾಯವಿದೆ. ಫೈಲುಗಳನ್ನು ಕೆಳಗೆ ತಂದುಕೊಡುವ ವ್ಯವಸ್ಥೆ ಮಾಡಬೇಕು, ಇಲ್ಲವೇ ನನ್ನನ್ನು ನೆಲಮಹಡಿಯ ಟಪಾಲು ಶಾಖೆಗೆ ನಿಯೋಜಿಸಬೇಕು. ಕಾಯ್ದೆಯ ಕಲಂ 2(ವೈ), 3 ಮತ್ತು 20(2)ರ ಪ್ರಕಾರ ಈ ಹೊಂದಾಣಿಕೆ ಕೋರುತ್ತಿದ್ದೇನೆ. 15 ದಿನಗಳಲ್ಲಿ ಲಿಖಿತ ಉತ್ತರ ನೀಡಬೇಕಾಗಿ ವಿನಂತಿ.”

ಯಾವ ಕೆಲಸ, ಯಾವ ಅಡೆತಡೆ, ಯಾವ ಪರಿಹಾರ, ಅದಾಗದಿದ್ದರೆ ಇನ್ನೊಂದು ಪರಿಹಾರ. ಇಷ್ಟು ಸಾಕು. 15 ದಿನದ ಗಡುವು ಕಾಯ್ದೆಯಲ್ಲಿಲ್ಲ, ಉತ್ತರ ಬರಲಿಲ್ಲವೆಂದು ಮುಂದೆ ತೋರಿಸಲು ನಾವು ಹಾಕಿಕೊಳ್ಳುವ ಗುರುತು ಅದು. ಜೊತೆಗೆ ಯುಡಿಐಡಿ ಕಾರ್ಡಿನ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಪ್ರತಿ, ಏನು ಮಾಡಬಹುದು, ಏನು ಮಾಡಬಾರದು ಎಂದು ವೈದ್ಯರು ಬರೆದ ಒಂದು ಚೀಟಿ ಇರಲಿ. ನಿಮ್ಮ ಪ್ರತಿಯ ಮೇಲೆ ಟಪಾಲಿನವರ ಮೊಹರು ಮತ್ತು ತಾರೀಖು ಬೀಳದೆ ಅಲ್ಲಿಂದ ಹೊರಡಬೇಡಿ. ಕಂಪನಿಯಾದರೆ ಇಮೇಲ್ ಮಾಡಿ, ಅದರ ಪ್ರತಿ ಮನೆಯಲ್ಲೂ ಇರಲಿ, ಏಕೆಂದರೆ ಕೆಲಸದಿಂದ ತೆಗೆದ ದಿನವೇ ಆಫೀಸಿನ ಮೇಲ್ ಖಾತೆ ಬಂದ್ ಆಗುತ್ತದೆ.

“ನಿಮಗೆ 40 ಪರ್ಸೆಂಟ್ ಇಲ್ಲವಲ್ಲ” ಎಂಬ ಉತ್ತರ ಬಂದರೆ ಅದು ತಪ್ಪು. ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕೆಂಬ ಲೆಕ್ಕ ಸರ್ಕಾರಿ ಹುದ್ದೆಗಳ ಶೇ 4ರ ಮೀಸಲಾತಿಯಂಥ ಸೌಲಭ್ಯಗಳಿಗೆ. ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ಬರೆಯುವಾಗ ಕೈ ಸೆಟೆಯುವ ತೊಂದರೆಗಾಗಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರಹಗಾರರನ್ನು ಕೇಳಿದ್ದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತು, ಸಮಂಜಸ ಹೊಂದಾಣಿಕೆಗೆ ಶೇ 40ರ ಮಿತಿ ಹಾಕುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ಹೊಂದಾಣಿಕೆ ಎಂದಕೂಡಲೇ ಲಕ್ಷಗಟ್ಟಲೆ ಖರ್ಚು ಎಂಬ ಭಯ ಆಡಳಿತಕ್ಕೆ. ನಮ್ಮ ಕನ್ನಡ ಕಚೇರಿಗಳದ್ದೇ ಒಂದು ಉದಾಹರಣೆ ನೋಡಿ. ಕಣ್ಣು ಕಾಣದ ಗುಮಾಸ್ತರು ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬಳಸಿ ಕನ್ನಡ ಓದಬಲ್ಲರು. ಆದರೆ ಕಡತ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಪರದೆಯ ಮೇಲೆ ಚೆಂದದ ಕನ್ನಡ, ಕಿವಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ, ಏಕೆಂದರೆ ಒಳಗೆ ಶೇಖರವಾಗಿರುವುದು ಅವೇ. ಸುತ್ತೋಲೆಯನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿ ಕಳಿಸಿದರೆ ಅಷ್ಟೂ ಕೇಳುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಮೂಲ ಫೈಲನ್ನೂ ಕಳಿಸಿ ಎಂಬ ಒಂದು ಆದೇಶ ಹೊರಟರೆ ಮುಗಿಯಿತು, ಬಿಡಿಗಾಸು ಖರ್ಚಿಲ್ಲ. ಅಷ್ಟನ್ನೂ ಮಾಡದೆ “ಇವರಿಗೆ ಫೈಲ್ ಕೆಲಸ ಆಗಲ್ಲ” ಎಂದು ಮೂಲೆಯಲ್ಲಿ ಕೂರಿಸುವುದು ಕ್ರೌರ್ಯ.

ರ‍್ಯಾಂಪಿನ ಕಥೆ ಬೇರೆ. ಇಳಿಜಾರು 1:12 ಇರಬೇಕು. ಆರಿಂಚಿನ ಮೂರು ಮೆಟ್ಟಿಲಿದ್ದರೆ ಎತ್ತರ ಒಂದೂವರೆ ಅಡಿ, ರ‍್ಯಾಂಪ್ ಹದಿನೆಂಟು ಅಡಿ ಉದ್ದ ಬೇಕು. ಇರುವ ಆರಡಿಯಲ್ಲೇ ಸಿಮೆಂಟ್ ಸುರಿದು ಬಿಲ್ಲು ಮಾಡಿಕೊಳ್ಳುತ್ತಾರೆ. ಗಾಲಿಕುರ್ಚಿ ಏರುವುದಿಲ್ಲ, ಇಳಿಯುವಾಗ ಮುಗ್ಗರಿಸುತ್ತದೆ. ಜಾಗವಿಲ್ಲದಿದ್ದರೆ ಇನ್ನೊಂದು ಬಾಗಿಲು ತೆರೆಸಿ, ಇಲ್ಲವೇ ಕುಳಿತುಕೊಳ್ಳುವ ಶಾಖೆಯನ್ನೇ ಬದಲಿಸಲು ಕೇಳಿ.

ಖರ್ಚನ್ನು ನೌಕರನ ತಲೆಗೆ ಕಟ್ಟುವಂತಿಲ್ಲ. ಹೊಂದಾಣಿಕೆಯ ವೆಚ್ಚವನ್ನು ಪೂರ್ತಿಯಾಗಲಿ, ಭಾಗಶಃ ಆಗಲಿ ಭರಿಸುವಂತೆ ಅಂಗವಿಕಲರನ್ನು ಒತ್ತಾಯಿಸಬಾರದೆಂದು ಕೇಂದ್ರದ 2017ರ ನಿಯಮಗಳ 3ನೇ ನಿಯಮ ಹೇಳುತ್ತದೆ. ತಾರತಮ್ಯದ ದೂರು ಬಂದರೆ ಸಂಸ್ಥೆಯ ಮುಖ್ಯಸ್ಥರು ಕ್ರಮ ಕೈಗೊಳ್ಳಬೇಕು, ಇಲ್ಲವೇ ತಮ್ಮ ನಿರ್ಧಾರ ಯಾವ ನ್ಯಾಯವಾದ ಉದ್ದೇಶಕ್ಕೆ, ಹೇಗೆ ತಕ್ಕ ಪ್ರಮಾಣದ್ದು ಎಂದು ಬರೆದು ತಿಳಿಸಬೇಕೆಂಬುದೂ ಅದೇ ನಿಯಮದಲ್ಲಿದೆ. “ಆಗಲ್ಲ” ಎಂದವರಿಂದ ಆ ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ.

ಖಾಸಗಿ ಕಂಪನಿಗಳ ವಿಷಯದಲ್ಲಿ ಕಾಯ್ದೆ ಅಷ್ಟು ಗಟ್ಟಿಯಿಲ್ಲ, ಇದನ್ನು ಮುಚ್ಚಿಡಬಾರದು. ಉದ್ಯೋಗದ ಕಲಂ 20, ಕುಂದುಕೊರತೆ ಅಧಿಕಾರಿಯ ಕಲಂ 23 ಎರಡೂ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರನ್ನು ಹಿಡಿಯಲು ಕಲಂ 21 ಇದೆ: ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ ಆಯುಕ್ತರಲ್ಲಿ ನೋಂದಾಯಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಸಹಾಯಕ ಸಾಧನಗಳ ಏರ್ಪಾಡು, ಸಂಪರ್ಕಾಧಿಕಾರಿಯ ನೇಮಕ ಇವೆಲ್ಲ ಇರಬೇಕು. ಮೊದಲು ಅದರ ಪ್ರತಿ ಕೇಳಿ. ಕಾಯ್ದೆ ಮುರಿದರೆ ಕಲಂ 89ರಡಿ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ.

ಸರ್ಕಾರಿ ನೌಕರರ ದೂರನ್ನು ಕುಂದುಕೊರತೆ ಅಧಿಕಾರಿ ಎರಡು ವಾರದಲ್ಲಿ ವಿಚಾರಿಸಬೇಕು. ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ರಾಜ್ಯ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿದೆ; ಬ್ಯಾಂಕು, ರೈಲ್ವೆಯಂಥ ಕೇಂದ್ರದ ಸಂಸ್ಥೆಗಳಾದರೆ ದೆಹಲಿಯ ಮುಖ್ಯ ಆಯುಕ್ತರು. ಇವರು ಕೊಡುವುದು ಶಿಫಾರಸು. ಶಿಫಾರಸು ತಲುಪಿದ ಮೂರು ತಿಂಗಳಲ್ಲಿ ಕ್ರಮ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಆ ಕಾರಣದ ಪತ್ರ ಹಿಡಿದು ರಾಜ್ಯ ನೌಕರರು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ (ಕೆಎಸ್‌ಎಟಿ) ಹೋಗಲು ದಾರಿಯಿದೆ.

ಸೇವೆಯಲ್ಲಿದ್ದಾಗಲೇ ಅಪಘಾತವಾಗಿ, ಪಾರ್ಶ್ವವಾಯು ಬಡಿದು ಅಂಗವಿಕಲರಾದವರು ಇನ್ನೂ ಎಚ್ಚರದಿಂದಿರಬೇಕು. ಸರ್ಕಾರಿ ಸಂಸ್ಥೆ ಅವರನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ ಎನ್ನುತ್ತದೆ ಕಲಂ 20(4). ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ. ಅದೂ ಇಲ್ಲದಿದ್ದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿಯಾಗಿ ಸೃಷ್ಟಿಸಿದ ಹುದ್ದೆ. ಆಸ್ಪತ್ರೆಯ ಹಾಸಿಗೆಗೇ ಸ್ವಯಂ ನಿವೃತ್ತಿಯ ಪತ್ರ ತಂದು “ಪಿಂಚಣಿ ಬೇಗ ಆಗುತ್ತೆ, ಸಹಿ ಹಾಕಿಸಿಬಿಡಿ ಅಮ್ಮಾ” ಎಂದು ಹೆಂಡತಿಯನ್ನು ಒಪ್ಪಿಸುವವರಿದ್ದಾರೆ. ಸಹಿ ಬೇಡ. ಕಾಲು ಕಳೆದುಕೊಂಡ ಕುನಾಲ್ ಸಿಂಗ್ ಎಂಬ ಕಾನ್‌ಸ್ಟೆಬಲ್ ಪ್ರಕರಣದಲ್ಲಿ, ಅಶಕ್ತತೆಯ ಪಿಂಚಣಿ ಸಿಕ್ಕಿದೆ ಎಂಬ ಒಂದೇ ಕಾರಣಕ್ಕೆ ಈ ರಕ್ಷಣೆ ತಪ್ಪುವುದಿಲ್ಲ ಎಂದು ಹಿಂದಿನ 1995ರ ಕಾಯ್ದೆಯಡಿ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದೆ. ಆದರೆ ತಾವಾಗಿಯೇ ಬಿಟ್ಟೆವೆಂದು ಬರೆದುಕೊಟ್ಟ ಮೇಲೆ ವಾದ ತುಂಬ ಕಷ್ಟವಾಗುತ್ತದೆ. ಅದರ ಬದಲು ದಾಖಲಾದ ವಾರದೊಳಗೆ ರಜೆ ಅರ್ಜಿ ಮತ್ತು ವೈದ್ಯಕೀಯ ಪ್ರಮಾಣಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಜೆ ಮುಗಿಯುವ ಮುನ್ನ ಮತ್ತೊಂದು ಕಳಿಸಿ. ನಡುವೆ ಒಂದು ತಿಂಗಳು ಖಾಲಿ ಬಿಟ್ಟರೂ ಅನಧಿಕೃತ ಗೈರುಹಾಜರಿಯ ನೋಟಿಸು ಮನೆ ಬಾಗಿಲಿಗೆ ಅಂಟಬಹುದು.